54 ನಿಮಿಷದ ಇಂಡಿಯಂನ ಬೆನ್ನು ಹತ್ತಿ

ಪ್ರಬಂಧದ ಕೊನೆಯ ಕೋಷ್ಟಕಕ್ಕೆ ಕಳೆದ ವಾರ ಸಹಿ ಬಿತ್ತು. ಇಂಡಿಯಂ-116ರ ಐಸೋಮರಿನ (ಹೆಚ್ಚಿನ ಶಕ್ತಿಯ ಸ್ಥಿತಿಯಲ್ಲಿ ಕೆಲಕಾಲ ಉಳಿಯುವ ನ್ಯೂಕ್ಲಿಯಸ್) ಅರ್ಧಾಯು (ಅರ್ಧ ಪಾಲು ಕ್ಷಯಿಸಲು ಹಿಡಿಯುವ ಕಾಲ), ಅದು ಬೀಟಾ ಕ್ಷಯದಿಂದ ತವರ-116 ಆಗುವಾಗ ಹೊಮ್ಮುವ ಗಾಮಾ ಕಿರಣಗಳು, ಅವುಗಳಿಂದ ಕಟ್ಟಿದ ಶಕ್ತಿಮಟ್ಟಗಳ ಚಿತ್ರ. ಎಲ್ಲ ಸೇರಿ ಒಂದೇ ಪುಟ. ಇದರಲ್ಲಿ ಜಗತ್ತಿಗೆ ಹೊಸದೇನೂ ಇಲ್ಲ. ಅಂಗೀಕೃತ ಮೌಲ್ಯಗಳು ದತ್ತಾಂಶ ಸಂಗ್ರಹಗಳಲ್ಲಿ ಮೊದಲೇ ಇವೆ. ಆದರೂ ಸಂಶೋಧನೆಗೆ ಇಳಿಯುವವರಿಗೆ ಇಂಥದ್ದೊಂದನ್ನು ಮೊದಲು ಕೊಡುತ್ತಾರೆ. ಈ ಪುಟದ ಹಿಂದೆ ಎಷ್ಟು ಕಾಗದಪತ್ರ, ಎಷ್ಟು ಕಾಯುವಿಕೆ ಇರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಮುಂದೆ ಇದೇ ದಾರಿಯಲ್ಲಿ ಬರುವವರು ಅಷ್ಟು ಗೊಂದಲಪಡದಿರಲಿ ಎಂದು, ನೆನಪು ಹಸಿಯಾಗಿರುವಾಗಲೇ ಬರೆಯುತ್ತಿದ್ದೇನೆ.

ಇಂಡಿಯಂ ಯಾಕೆ ಎಂಬುದನ್ನು ಮೊದಲು ಹೇಳಬೇಕು. ನಿಸರ್ಗದಲ್ಲಿ ಸಿಗುವ ಇಂಡಿಯಂನಲ್ಲಿ ಸುಮಾರು ಶೇಕಡಾ 96 ಪಾಲು ಇಂಡಿಯಂ-115. ಅದು ನಿಧಾನಗತಿಯ ನ್ಯೂಟ್ರಾನನ್ನು ಬಹಳ ಸುಲಭವಾಗಿ ಹೀರುತ್ತದೆ. ನಮಗೆ ಬೇಕಾದ ಐಸೋಮರ್ ಉಂಟಾಗುವ ಅಡ್ಡಛೇದವೇ, ಅಂದರೆ ಆ ಸಂಭವದ ಅಳತೆಯೇ, ಬಾರ್ನ್ ಎಂಬ ಏಕಮಾನದಲ್ಲಿ ಸುಮಾರು 160. ಹೀಗಾಗಿ ದೊಡ್ಡ ರಿಯಾಕ್ಟರ್ ಇಲ್ಲದೆ, ನ್ಯೂಟ್ರಾನ್ ಹೊಮ್ಮಿಸುವ ಅಮೆರಿಸಿಯಂ-ಬೆರಿಲಿಯಂ ಆಕರವನ್ನು, ಅವುಗಳ ವೇಗ ತಗ್ಗಿಸುವ ಪ್ಯಾರಾಫಿನ್ ಇಟ್ಟಿಗೆಗಳ ನಡುವೆ ಇಟ್ಟರೂ ಎಣಿಸಲು ಸಾಕಾಗುವಷ್ಟು ವಿಕಿರಣಶೀಲತೆ ಸಿಗುತ್ತದೆ. ಅರ್ಧಾಯು 54 ನಿಮಿಷದ ಆಸುಪಾಸು. ಅಳೆಯಲು ಪುರುಸೊತ್ತು ಕೊಡುವಷ್ಟು ದೀರ್ಘ, ಒಂದೇ ದಿನದಲ್ಲಿ ಹತ್ತು ಅರ್ಧಾಯುಗಳನ್ನು ನೋಡಬಹುದಾದಷ್ಟು ಚಿಕ್ಕದು.

ಮೊದಲ ಹಂತ ಅರ್ಜಿ. ವಿಕಿರಣ ಸುರಕ್ಷತೆಯ ತರಬೇತಿ, ಅದರ ಪರೀಕ್ಷೆ, ಎದೆಯ ಮೇಲೆ ಧರಿಸುವ ಡೋಸ್ ಬ್ಯಾಡ್ಜ್, ಆಕರ ಬಳಸಲು ಅನುಮತಿ: ಇವು ಒಂದರ ಹಿಂದೆ ಒಂದು ಬರುತ್ತವೆ. ಹಿಂದಿನದು ಮುಗಿಯದೆ ಮುಂದಿನದಕ್ಕೆ ಯಾರೂ ಸಹಿ ಹಾಕುವುದಿಲ್ಲ. ನನ್ನ ಅರ್ಜಿ ಒಮ್ಮೆ ಹಿಂದಿರುಗಿ ಬಂತು. ‘ಉತ್ಪನ್ನವಾಗುವ ವಿಕಿರಣಶೀಲತೆ’ ಎಂಬ ಕಲಂನಲ್ಲಿ ಇಂಡಿಯಂ-116 ಒಂದನ್ನೇ ಬರೆದರೆ ಸಾಲದು, ಆ ತಗಡಿನಲ್ಲಿ ಹುಟ್ಟಬಹುದಾದ ಎಲ್ಲವನ್ನೂ ಲೆಕ್ಕ ಹಾಕಿ ಕೊಡಬೇಕು ಎಂಬ ಹೊಸ ಸೂಚನೆ ಬಂದಿತ್ತಂತೆ. ಆಗ ಬೇಸರವಾಯಿತು. ಕುಳಿತು ಲೆಕ್ಕ ಹಾಕಿದ ಮೇಲೆ ಆ ಸೂಚನೆಯ ಬೆಲೆ ಗೊತ್ತಾಯಿತು, ಏಕೆಂದರೆ ಆ ಪಟ್ಟಿಯಲ್ಲಿದ್ದ ಪ್ರತಿಯೊಂದು ಹೆಸರೂ ಮುಂದೆ ರೋಹಿತದಲ್ಲಿ (ಯಾವ ಶಕ್ತಿಯ ಗಾಮಾ ಎಷ್ಟು ಬಂತು ಎಂಬ ನಕ್ಷೆಯಲ್ಲಿ) ಎದುರಾಗಬಹುದಾದದ್ದೇ. ಇಂಡಿಯಂ-116ರ ತಳಮಟ್ಟದ (ಅತಿ ಕಡಿಮೆ ಶಕ್ತಿಯ ಸ್ಥಿತಿಯ) ಅರ್ಧಾಯು 14 ಸೆಕೆಂಡು. ವೇಗದ ನ್ಯೂಟ್ರಾನ್ ಇಂಡಿಯಂ-115ಕ್ಕೆ ಡಿಕ್ಕಿ ಹೊಡೆದು ಅದನ್ನು ಉತ್ತೇಜಿಸಿದರೆ ನಾಲ್ಕೂವರೆ ಗಂಟೆಯ ಅರ್ಧಾಯುವಿನ ಐಸೋಮರ್ ಹುಟ್ಟಿ 336 ಕೆಇವಿ (ಕಿಲೋ ಎಲೆಕ್ಟ್ರಾನ್-ವೋಲ್ಟ್, ಶಕ್ತಿಯ ಏಕಮಾನ) ಗಾಮಾ ಕೊಡುತ್ತದೆ. ಉಳಿದ ಶೇಕಡಾ 4 ಪಾಲಿನ ಇಂಡಿಯಂ-113ರಿಂದ 49.5 ದಿನಗಳ ಅರ್ಧಾಯುವಿನ ಇಂಡಿಯಂ-114 ಐಸೋಮರ್ ಬರುತ್ತದೆ, ಅದರ ಗಾಮಾ 190 ಕೆಇವಿ.

ನಿಮ್ಮ ಅರ್ಜಿಯಲ್ಲಿ ಈ ಮೂರನ್ನೂ ಮೊದಲೇ ಸೇರಿಸಿಬಿಡಿ. ಜೊತೆಗೆ ‘ಒಂದು ದಿನದ ನಂತರ ಎಷ್ಟು ಉಳಿಯುತ್ತದೆ’ ಎಂಬ ಸಾಲನ್ನೂ ಬರೆಯಿರಿ, ಅಧಿಕಾರಿಗಳು ಅದನ್ನು ಕೇಳಿಯೇ ಕೇಳುತ್ತಾರೆ. 54 ನಿಮಿಷದ ಐಸೋಮರ್ 24 ಗಂಟೆಯಲ್ಲಿ ಇಪ್ಪತ್ತಾರೂವರೆ ಅರ್ಧಾಯುಗಳನ್ನು ದಾಟುತ್ತದೆ. ಉಳಿಯುವುದು ಸುಮಾರು ಒಂಬತ್ತೂವರೆ ಕೋಟಿಯಲ್ಲಿ ಒಂದು ಪಾಲು. ಆ ಸಾಲು ಸೇರಿದ ಮೇಲೆ ಕಡತ ಬೇಗ ಮುಂದೆ ಹೋಯಿತು.

ಅನುಮತಿ ಕೈಗೆ ಬಂದಾಗ ಡಿಟೆಕ್ಟರ್ ಬೆಚ್ಚಗಾಗಿತ್ತು. ಗಾಮಾಗಳನ್ನು ಎಣಿಸುವ ಅತಿಶುದ್ಧ ಜರ್ಮೇನಿಯಂ ಹರಳಿನ ಡಿಟೆಕ್ಟರ್ ದ್ರವ ಸಾರಜನಕದ ತಣ್ಪಿನಲ್ಲಿ, ಅಂದರೆ ಸುಮಾರು ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ಸನಿಹದಲ್ಲಿ ಕೆಲಸ ಮಾಡುತ್ತದೆ. ಬೆಚ್ಚಗಿರುವಾಗ ಹೆಚ್ಚಿನ ವೋಲ್ಟೇಜ್ ಕೊಟ್ಟರೆ ಸೋರಿಕೆ ವಿದ್ಯುತ್ ಹರಿದು ಹಾಳಾಗುತ್ತದೆ. ರಜೆಯ ಅವಧಿಯಲ್ಲಿ ಸಾರಜನಕದ ಸರಬರಾಜು ತಪ್ಪಿ ಪಾತ್ರೆ ಬರಿದಾಗಿತ್ತು. ತಕ್ಷಣ ತುಂಬಿಬಿಡೋಣ ಎಂದು ನಾನು ಹೊರಟಾಗ ಪ್ರಯೋಗಾಲಯದ ಹಿರಿಯ ತಂತ್ರಜ್ಞರು ತಡೆದರು. ಅರ್ಧ ಬೆಚ್ಚಗಾದ ಡಿಟೆಕ್ಟರನ್ನು ಮತ್ತೆ ತಣಿಸಬಾರದು, ಪೂರ್ತಿ ಕೋಣೆಯ ಉಷ್ಣತೆಗೆ ಬರಲು ಬಿಡಬೇಕು ಎಂದರು. ನಿರ್ವಾತ ಕವಚದೊಳಗೆ ಅನಿಲಗಳನ್ನು ಹೀರಿ ಹಿಡಿದಿಟ್ಟುಕೊಂಡಿರುವ ವಸ್ತು ಬೆಚ್ಚಗಾದಾಗ ಅವುಗಳನ್ನು ಬಿಡುತ್ತದೆ. ನಡುವೆಯೇ ತಣಿಸಿದರೆ ಅವು ಹರಳಿನ ಮೈಮೇಲೆ ಹೋಗಿ ಕೂರುತ್ತವೆ. ಹಾಗಾಗಿ ಮೊದಲು ಬೆಚ್ಚಗಾಗಲು ಕಾದೆವು, ಆಮೇಲೆ ತಣಿಯಲು ಕಾದೆವು, ನಂತರ ವೋಲ್ಟೇಜನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿದೆವು. ಡಿಟೆಕ್ಟರಿನ ಸಮಯ ಕಾಯ್ದಿರಿಸಿದ್ದ ಆ ವಾರ ಏನೂ ಅಳೆಯದೆ ಕಳೆದುಹೋಯಿತು, ಸರದಿಯಲ್ಲಿ ಮತ್ತೆ ಹಿಂದಕ್ಕೆ ಹೋದೆ. ಇಷ್ಟೊಂದು ತಯಾರಾಗಿ ಬಂದು ಸುಮ್ಮನೆ ಕುಳಿತುಕೊಳ್ಳುವ ಸಂಕಟ ನನ್ನನ್ನು ಬಹಳ ಕುಗ್ಗಿಸಿತು.

ಇಲ್ಲಿ ಒಂದು ಮಾತು. ಈ ಕೆಲಸದಲ್ಲಿ ನಿಜವಾದ ಖರ್ಚು ಇಂಡಿಯಂ ತಗಡಿನದಲ್ಲ, ದ್ರವ ಸಾರಜನಕದ್ದು ಮತ್ತು ಡಿಟೆಕ್ಟರಿನ ಸಮಯದ್ದು. ಪಾತ್ರೆ ತುಂಬುವ ವೇಳಾಪಟ್ಟಿ ಯಾರ ಕೈಯಲ್ಲಿದೆ, ರಜೆಯ ದಿನಗಳಲ್ಲಿ ಅದನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಬರಹದಲ್ಲಿ ಕೇಳಿ ತಿಳಿದುಕೊಳ್ಳಿ. ಪಾತ್ರೆ ತುಂಬಿದ ಕೂಡಲೇ ಎಣಿಕೆ ಆರಂಭಿಸಬೇಡಿ. ಕುದಿಯುವ ಸಾರಜನಕದ ನಡುಕ ಹರಳಿಗೆ ತಾಗಿ, ರೋಹಿತದಲ್ಲಿ ಒಂದೊಂದು ಗಾಮಾಕ್ಕೆ ಏಳುವ ಶಿಖರಗಳು ಅಗಲವಾಗುತ್ತವೆ. ಒಂದು ಗಂಟೆ ಬಿಟ್ಟರೆ ತಾನಾಗಿ ಸರಿಹೋಗುತ್ತದೆ.

ಸರದಿ ಮತ್ತೆ ಬಂದಾಗ ಮೊದಲು ಮಾಡಿದ್ದು ಖಾಲಿ ಎಣಿಕೆ. ಯಾವ ಆಕರವನ್ನೂ ಇಡದೆ ಇಡೀ ರಾತ್ರಿ ಓಡಿಸಿದೆವು. ಪೊಟ್ಯಾಸಿಯಂ-40ರ 1461 ಕೆಇವಿ, ರೇಡಾನ್ ಸಂತತಿಯ ಬಿಸ್ಮತ್-214ರ 609, ಥೋರಿಯಂ ಸರಣಿಯ ಕೊನೆಯ ಥ್ಯಾಲಿಯಂ-208ರ 2614.5 ಒಂದೊಂದಾಗಿ ಎದ್ದು ನಿಂತವು. ಸೀಸದ ಗೋಡೆಯ ಒಳಗೂ ಗೋಡೆ, ಗಾಳಿ, ನೆಲ ಎಲ್ಲದರ ವಿಕಿರಣವೂ ಇದ್ದೇ ಇರುತ್ತದೆ ಎಂದು ಓದಿ ತಿಳಿದಿದ್ದೆ. ಪರದೆಯ ಮೇಲೆ ಕಂಡಾಗ ಮೈ ಜುಮ್ಮೆಂದಿತು.

ನಂತರ ಕ್ಯಾಲಿಬ್ರೇಷನ್, ಅಂದರೆ ಗೊತ್ತಿರುವ ಗೆರೆಗಳಿಂದ ಡಿಟೆಕ್ಟರಿನ ಅಳತೆಯನ್ನು ಸರಿಹೊಂದಿಸುವುದು. ಯೂರೋಪಿಯಂ-152 ಒಂದೇ ಆಕರದಲ್ಲಿ 121.8ರಿಂದ 1408.0 ಕೆಇವಿಯವರೆಗೆ ಹರಡಿದ ಗೆರೆಗಳನ್ನು ಕೊಡುತ್ತದೆ; ಶಕ್ತಿಗೂ ದಕ್ಷತೆಗೂ (ಹೊಮ್ಮಿದ ಗಾಮಾಗಳಲ್ಲಿ ಎಷ್ಟು ಪಾಲು ಎಣಿಕೆಗೆ ಸಿಗುತ್ತದೆ ಎಂಬುದಕ್ಕೂ) ಅದೇ ಸಾಕು. ಪ್ರಮಾಣಪತ್ರದಲ್ಲಿ ಬರೆದ ವಿಕಿರಣಶೀಲತೆ ಅದರಲ್ಲಿ ನಮೂದಾದ ದಿನಾಂಕದ್ದು, ಇಂದಿನದಲ್ಲ, 13.5 ವರ್ಷಗಳ ಅರ್ಧಾಯು ಹಿಡಿದು ಇಂದಿನ ದಿನಕ್ಕೆ ತರಬೇಕು. ಆ ಪ್ರಮಾಣಪತ್ರದ ಪ್ರತಿಯನ್ನು ಲಾಗ್ ಪುಸ್ತಕದಲ್ಲಿಯೇ ಅಂಟಿಸಿಕೊಳ್ಳಿ. ನಮ್ಮಲ್ಲಿ ಮೂಲ ಪ್ರತಿ ಬೇರೆ ವಿಭಾಗದ ಕಪಾಟಿನಲ್ಲಿತ್ತು, ಅದರ ಕೀಲಿ ಇದ್ದವರು ರಜೆಯಲ್ಲಿದ್ದರು. ಒಂದು ಕಾಗದಕ್ಕಾಗಿ ಇಡೀ ದಕ್ಷತೆಯ ರೇಖೆ ಕಾಯುತ್ತ ಕುಳಿತಿತ್ತು.

ಇನ್ನು ವಿಕಿರಣಕ್ಕೆ ಒಡ್ಡುವುದು. ಇಂಡಿಯಂ ಮೆತ್ತನೆಯ ಲೋಹ, ಉಗುರಿನಿಂದಲೂ ಗೀರಬಹುದು. ದಪ್ಪ ತಗಡಿನಿಂದ ಹೆಚ್ಚು ಲಾಭ ಎಂದು ತೋರುತ್ತದೆ, ಆದರೆ ಹಾಗಾಗುವುದಿಲ್ಲ. 1.46 ಇವಿ (ಎಲೆಕ್ಟ್ರಾನ್-ವೋಲ್ಟ್) ಶಕ್ತಿಯ ಬಳಿ ಇಂಡಿಯಂ ನ್ಯೂಟ್ರಾನುಗಳನ್ನು ಅತಿ ತೀವ್ರವಾಗಿ ಹೀರುವುದರಿಂದ ಹೊರಪದರವೇ ಒಳಪದರಕ್ಕೆ ನೆರಳಾಗುತ್ತದೆ. ತೆಳು ತಗಡೇ ಒಳ್ಳೆಯದು. ಎಷ್ಟು ಹೊತ್ತು ಇಡಬೇಕು? ಐದು ಅರ್ಧಾಯು, ಅಂದರೆ ಸುಮಾರು ನಾಲ್ಕೂವರೆ ಗಂಟೆಯಲ್ಲಿ ಗರಿಷ್ಠದ ಶೇಕಡಾ 97 ಸಿಗುತ್ತದೆ. ರಾತ್ರಿಯಿಡೀ ಇಟ್ಟರೆ ಬೇಕಾದದ್ದು ಹೆಚ್ಚುವುದಿಲ್ಲ, ಬೇಡವಾದ 49.5 ದಿನದ್ದು ಮಾತ್ರ ಬೆಳೆಯುತ್ತಲೇ ಹೋಗುತ್ತದೆ. ಹೊರಗೆ ತೆಗೆದ ಮೇಲೆ ಐದಾರು ನಿಮಿಷ ತಾಳಿ, 14 ಸೆಕೆಂಡಿನದು ಅಷ್ಟರಲ್ಲಿ ಹೇಳಹೆಸರಿಲ್ಲದೆ ಹೋಗುತ್ತದೆ.

ಮೊದಲ ರೋಹಿತ ಚೆಲುವಾಗಿ ಬಂತು. 138, 417, 819, 1097, 1294, 1507, 2112 ಕೆಇವಿಯಲ್ಲಿ ಶಿಖರಗಳು. ಅವುಗಳಲ್ಲಿ ಅತಿ ಎತ್ತರದ್ದು 1293.6, ನೂರು ಕ್ಷಯಗಳಲ್ಲಿ ಸುಮಾರು 85 ಬಾರಿ ಈ ಗಾಮಾ ಹೊರಬರುತ್ತದೆ. ಅರ್ಧಾಯುವಿಗೆ ಅದನ್ನೇ ಹಿಡಿದೆ. ನಿಗದಿತ ಅವಧಿಯ ಎಣಿಕೆಗಳನ್ನು ಒಂದಾದ ಮೇಲೊಂದು ತೆಗೆದು, ಶಿಖರದ ವಿಸ್ತೀರ್ಣದಿಂದ ಹಿನ್ನೆಲೆ ಕಳೆದು, ಲಾಗರಿದಮ್ ರೇಖೆ ಎಳೆದಾಗ ಸರಳರೇಖೆಯೇ ಸಿಕ್ಕಿತು. ಆದರೆ ಅದರಿಂದ ಬಂದ ಅರ್ಧಾಯು 55 ನಿಮಿಷವನ್ನು ದಾಟಿತ್ತು. ಬಿಂದುಗಳು ರೇಖೆಯಿಂದ ಎಷ್ಟೆಷ್ಟು ದೂರವಿವೆ ಎಂದು ಪ್ರತ್ಯೇಕವಾಗಿ ಗುರುತು ಹಾಕಿದಾಗ ಮೊದಲ ಕೆಲವು ಬಿಂದುಗಳು ಒಟ್ಟಾಗಿ ಕೆಳಗಿದ್ದವು.

ಕಾರಣ ಡೆಡ್ ಟೈಮ್. ಒಂದು ಸಂಕೇತವನ್ನು ಸಂಸ್ಕರಿಸುವಾಗ ಎಲೆಕ್ಟ್ರಾನಿಕ್ಸ್ ಮುಂದಿನದಕ್ಕೆ ಕಿವುಡಾಗಿರುತ್ತದೆ. ತಗಡು ತಾಜಾ ಇರುವಾಗ ಈ ನಷ್ಟ ಹೆಚ್ಚು, ಹಳತಾದಂತೆ ಕಡಿಮೆ. ಆರಂಭದ ಎಣಿಕೆ ಕುಗ್ಗಿದರೆ ಇಳಿಜಾರು ಸೌಮ್ಯವಾಗಿ ಅರ್ಧಾಯು ಉದ್ದವಾಗಿ ಕಾಣುತ್ತದೆ. ಯಂತ್ರವೇ ಲೈವ್ ಟೈಮ್ (ಅದು ನಿಜವಾಗಿ ಕೇಳುತ್ತಿದ್ದ ಸಮಯ) ಲೆಕ್ಕ ಹಾಕಿ ಸರಿಪಡಿಸುತ್ತದೆ ಎಂದು ಕೈಪಿಡಿ ಹೇಳುತ್ತದೆ, ಆದರೆ ಎರಡು ಸಂಕೇತಗಳು ಒಂದರ ಮೇಲೊಂದು ಬಿದ್ದು ಶಿಖರದಿಂದ ಆಚೆಗೆ ಸರಿದುಹೋಗುವ ನಷ್ಟವನ್ನು ಅದು ಪೂರ್ತಿ ತುಂಬುವುದಿಲ್ಲ. ನನ್ನ ಮಾರ್ಗದರ್ಶಕಿ ಸೂಚಿಸಿದ ಉಪಾಯ ಸರಳವಾಗಿತ್ತು. ‘ತಗಡಿನ ಪಕ್ಕದಲ್ಲೇ ಒಂದು ಸೀಸಿಯಂ-137 ಇಟ್ಟುಬಿಡಿ, ಅಲ್ಲಾಡಿಸಬೇಡಿ’ ಎಂದರು. ಸೀಸಿಯಂನ ಅರ್ಧಾಯು 30 ವರ್ಷ. ಒಂದು ದಿನದ ಪ್ರಯೋಗದಲ್ಲಿ ಅದರ 661.7 ಕೆಇವಿ ಶಿಖರ ಬದಲಾಗಲೇಬಾರದು. ಆರಂಭದಲ್ಲಿ ಅದು ಎಷ್ಟು ಕುಗ್ಗಿದೆಯೋ ಅಷ್ಟೇ ಪಾಲು ಇಂಡಿಯಂನ ಶಿಖರವೂ ಕುಗ್ಗಿದೆ ಎಂದರ್ಥ. ಎರಡರ ಅನುಪಾತ ತೆಗೆದುಕೊಂಡರೆ ನಷ್ಟ ತಾನೇ ರದ್ದಾಗುತ್ತದೆ. ಹಾಗೆ ಮಾಡಿದಾಗ ಬಿಂದುಗಳ ವಾಲುವಿಕೆ ಹೋಯಿತು. 54.2 ನಿಮಿಷ, ಅನಿಶ್ಚಿತತೆ 0.2. ಅಂಗೀಕೃತ ಮೌಲ್ಯ 54.29. ಆ ಸಂಜೆ ನನಗಾದ ಸಮಾಧಾನ ಅಷ್ಟಿಷ್ಟಲ್ಲ.

ರಿಯಾಕ್ಟರಿನಲ್ಲಿ ತಗಡನ್ನು ಒಡ್ಡುವವರಿಗೆ ಒಂದು ಎಚ್ಚರಿಕೆ. ಗಾಳಿಯಲ್ಲಿರುವ ಆರ್ಗಾನ್ ನ್ಯೂಟ್ರಾನ್ ಹೀರಿ ಆರ್ಗಾನ್-41 ಆಗುತ್ತದೆ. ಅದರ ಗಾಮಾ ಕೂಡ 1293.6 ಕೆಇವಿ, ಅರ್ಧಾಯು ಸುಮಾರು 110 ನಿಮಿಷ. ಯಾವ ಜರ್ಮೇನಿಯಂ ಡಿಟೆಕ್ಟರೂ ಇವೆರಡನ್ನು ಶಕ್ತಿಯಿಂದ ಬೇರ್ಪಡಿಸಲಾರದು. 1097 ಅಥವಾ 417ರ ಶಿಖರವನ್ನೂ ಜೊತೆಜೊತೆಗೆ ಹಿಂಬಾಲಿಸಿ. ಅವು 54 ನಿಮಿಷ ಹೇಳಿ 1294 ಮಾತ್ರ ಹೆಚ್ಚು ಹೇಳಿದರೆ ನಡುವೆ ಆರ್ಗಾನ್ ಸೇರಿದೆ ಎಂದು ತಿಳಿಯಿರಿ.

ಅರ್ಧಾಯು ಮುಗಿಯಿತು, ಆದರೆ ಶಕ್ತಿಮಟ್ಟಗಳ ಕೆಲಸ ಇನ್ನೂ ಬಾಕಿ ಇತ್ತು. ನಾನು ಹೆಚ್ಚು ಕಲಿತದ್ದು ಇಲ್ಲಿ.

ಎಣಿಕೆ ಬೇಗ ಸೇರಲಿ ಎಂದು ತಗಡನ್ನು ಡಿಟೆಕ್ಟರಿನ ಮೂತಿಗೆ ಹತ್ತಿರ ಇಟ್ಟಾಗ 2391 ಕೆಇವಿಯಲ್ಲಿ ಒಂದು ಹೊಸ ಶಿಖರ ಕಂಡಿತು. ಚೊಕ್ಕ ಆಕಾರ, ಸ್ಪಷ್ಟ ಎತ್ತರ. ಅದು 54 ನಿಮಿಷಕ್ಕೆ ಅರ್ಧವೂ ಆಗುತ್ತಿತ್ತು, ಆದ್ದರಿಂದ ಇಂಡಿಯಂನದೇ ಎಂಬುದರಲ್ಲಿ ಸಂಶಯವಿರಲಿಲ್ಲ. ಹಾಗಾದರೆ ತವರ-116ರ 2391 ಕೆಇವಿ ಮಟ್ಟದಿಂದ ನೇರ ತಳಕ್ಕೆ ಇಳಿಯುವ ಗಾಮಾ ಇದು ಎನ್ನಬಹುದೇ? ಕೂಡಿಸಿ ನೋಡಿದರೆ 1097.3 ಮತ್ತು 1293.6 ಸೇರಿ 2390.9. ಅವೆರಡೂ ಒಂದೇ ನ್ಯೂಕ್ಲಿಯಸ್ಸಿನಿಂದ, ಡಿಟೆಕ್ಟರ್ ಗುರುತಿಸಲಾರದಷ್ಟು ಕಡಿಮೆ ಅಂತರದಲ್ಲಿ ಹೊರಬರುತ್ತವೆ. ಎರಡೂ ಒಟ್ಟಿಗೆ ಹರಳಿಗೆ ಬಿದ್ದರೆ ಅದು ಒಂದೇ ದೊಡ್ಡ ಗಾಮಾ ಎಂದು ಎಣಿಸುತ್ತದೆ.

ಅದೇ ಲೆಕ್ಕ 2112ಕ್ಕೂ ಅನ್ವಯಿಸುತ್ತದೆ. 818.7 ಮತ್ತು 1293.6 ಕೂಡಿದರೆ 2112.3. ಹಾಗಾದರೆ ಅದೂ ಬರಿಯ ಮೊತ್ತವೇ? ಶಕ್ತಿಯನ್ನು ಎಷ್ಟು ನಿಖರವಾಗಿ ಅಳೆದರೂ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ, ಅರ್ಧಾಯುವಿನಿಂದಲೂ ಸಿಗುವುದಿಲ್ಲ. ಉತ್ತರ ಸಿಗುವುದು ದೂರದಿಂದ. ತಗಡನ್ನು 25 ಸೆಂಟಿಮೀಟರಿಗೆ ಸರಿಸಿದೆ. ಒಂಟಿ ಗಾಮಾ ಸಿಕ್ಕಿಬೀಳುವ ಸಂಭವ ದಕ್ಷತೆಯಷ್ಟೇ ಇಳಿಯುತ್ತದೆ. ಎರಡು ಒಟ್ಟಿಗೆ ಸಿಕ್ಕಿಬೀಳುವ ಸಂಭವ ದಕ್ಷತೆಯ ವರ್ಗದಷ್ಟು ಇಳಿಯುತ್ತದೆ. ಬಹಳ ಹೊತ್ತು ಎಣಿಸಿದರೂ 2391ರಲ್ಲಿ ಹಿನ್ನೆಲೆಗಿಂತ ಹೆಚ್ಚೇನೂ ಏಳಲಿಲ್ಲ. 2112 ಮಾತ್ರ 1294ಕ್ಕೆ ಹೋಲಿಸಿದರೆ ತುಸು ತಗ್ಗಿ, ಅಲ್ಲಿಯೇ ಗಟ್ಟಿಯಾಗಿ ನಿಂತಿತು. ಅಂದರೆ 2112 ನಿಜವಾದ ಸಂಕ್ರಮಣ (ಒಂದು ಮಟ್ಟದಿಂದ ಇನ್ನೊಂದಕ್ಕೆ ಜಿಗಿತ), ಹತ್ತಿರದಲ್ಲಿ ಅದರೊಳಗೆ ಒಂದಿಷ್ಟು ಮೊತ್ತವೂ ಬೆರೆತಿತ್ತು. 2391 ಪೂರ್ತಿ ಮೊತ್ತ. ಸಿದ್ಧಾಂತವೂ ಇದನ್ನೇ ಹೇಳುತ್ತದೆ: 2391ರ ಮಟ್ಟದ ಸ್ಪಿನ್ (ಕೋನೀಯ ಸಂವೇಗದ ಅಳತೆ) 4, ತಳದ್ದು 0, ಆ ನೇರ ಜಿಗಿತ ಎಷ್ಟು ಅಪರೂಪವೆಂದರೆ 1294ರ ಮೆಟ್ಟಿಲ ಮೂಲಕವೇ ಇಳಿಯಬೇಕು. 2112ರ ಮಟ್ಟದ ಸ್ಪಿನ್ 2, ಅದಕ್ಕೆ ನೇರ ದಾರಿ ಇದೆ.

ಎತ್ತರಗಳನ್ನು ಹೋಲಿಸಿ ತೀವ್ರತೆಯ ಕೋಷ್ಟಕ ಮಾಡುವವರು ದಯವಿಟ್ಟು ಹತ್ತಿರದ ಎಣಿಕೆಯನ್ನು ನಂಬಬೇಡಿ. ಮೊತ್ತಕ್ಕೆ ಹೋದ ಗಾಮಾಗಳು ತಮ್ಮ ಸ್ವಂತ ಶಿಖರಗಳಿಂದ ಕಳೆದುಹೋಗಿರುತ್ತವೆ. ಕ್ಯಾಲಿಬ್ರೇಷನ್‌ಗೆ ಬಳಸುವ ಯೂರೋಪಿಯಂನಲ್ಲೂ ಇದೇ ತೊಂದರೆ ಇದೆ, 1408ರ ಜೊತೆ 122, 779ರ ಜೊತೆ 344 ಹೊರಬರುತ್ತವೆ. ಎರಡನ್ನೂ ಒಂದೇ ದೂರದಲ್ಲಿ, ದೂರದಲ್ಲಿಯೇ ಎಣಿಸಿ. ಸಮಯ ಹೆಚ್ಚು ಹಿಡಿಯುತ್ತದೆ, ಆ ಸಮಯವನ್ನು ಅರ್ಜಿಯಲ್ಲಿಯೇ ಕೇಳಿಕೊಳ್ಳಿ.

ತೊಂದರೆ ಕೊಟ್ಟ ಈ ಗುಣವೇ ಮುಂದಿನ ಹಂತದಲ್ಲಿ ಕೈ ಹಿಡಿಯಿತು. ಎರಡು ಡಿಟೆಕ್ಟರುಗಳನ್ನು ಎದುರುಬದುರಾಗಿ ಇಟ್ಟು, ಎರಡರಲ್ಲೂ ಏಕಕಾಲಕ್ಕೆ ಬಿದ್ದ ಜೋಡಿಗಳನ್ನು ಮಾತ್ರ ದಾಖಲಿಸುವ ಕೊಯಿನ್ಸಿಡೆನ್ಸ್ ಮಾಪನ ಅದು. ಕೇಳಲು ಸುಲಭ. ಆದರೆ ಜೋಡಿಗಳ ದರ ತೀರಾ ಕಡಿಮೆ, ತಗಡಿನ ಆಯಸ್ಸೋ ಅಲ್ಪ. ಒಂದು ತಗಡು ಎಣಿಕೆಯಲ್ಲಿರುವಾಗ ಇನ್ನೊಂದು ಪ್ಯಾರಾಫಿನ್ ಒಳಗೆ ತಯಾರಾಗುತ್ತಿರಬೇಕು. ಹೀಗೆ ಅದಲು ಬದಲು ಮಾಡುತ್ತ ರಾತ್ರಿಗಳು ಹೋದವು. ಪ್ರತಿ ಸಲ ತೆಗೆಯುವಾಗ, ಇಡುವಾಗ ಲಾಗ್ ಪುಸ್ತಕದಲ್ಲಿ ಸಮಯ, ಸಹಿ, ಡೋಸ್ ಮೀಟರಿನ ಓದು. ಒಂದು ರಾತ್ರಿ ವಿದ್ಯುತ್ ಹೋಗಿ ವೋಲ್ಟೇಜ್ ತಾನಾಗಿ ಇಳಿಯಿತು. ಮತ್ತೆ ಏರಿಸಿದಾಗ ಗೇನ್ (ಸಂಕೇತವನ್ನು ಹಿಗ್ಗಿಸುವ ಪ್ರಮಾಣ) ತುಸು ಸರಿದಿತ್ತು. ಅದಕ್ಕಾಗಿಯೇ ಪ್ರತಿ ಸುತ್ತಿನ ದತ್ತಾಂಶವನ್ನು ಬೇರೆ ಬೇರೆ ಕಡತದಲ್ಲಿ ಉಳಿಸಿ, ಆಮೇಲೆ ಶಕ್ತಿಯನ್ನು ಸರಿಹೊಂದಿಸಿ ಕೂಡಿಸಬೇಕು. ಎಲ್ಲವೂ ಒಂದೇ ಕಡತದಲ್ಲಿದ್ದರೆ ಸರಿದ ಶಿಖರಗಳು ಬೆರೆತು ಅಗಲವಾಗಿಬಿಡುತ್ತವೆ.

ದತ್ತಾಂಶ ಸೇರಿದ ಮೇಲೆ ‘ಗೇಟ್’ ಹಾಕುವುದು. ಒಂದು ಡಿಟೆಕ್ಟರಿನಲ್ಲಿ 1294 ಬಿದ್ದಾಗ ಇನ್ನೊಂದರಲ್ಲಿ ಏನು ಬಿತ್ತು ಎಂದು ಕೇಳಿದೆ. 138, 417, 819, 1097, 1507 ಎಲ್ಲವೂ ಇದ್ದವು, 2112 ಇರಲಿಲ್ಲ. 2112ಕ್ಕೆ ಗೇಟ್ ಹಾಕಿದಾಗ 417 ಒಂದೇ ಉಳಿಯಿತು. 1097ಕ್ಕೆ ಹಾಕಿದಾಗ 1294ರ ಜೊತೆ 138 ಬಂತು, 1507 ಬರಲಿಲ್ಲ. ಶಿಖರದ ಪಕ್ಕದ ಬರಿಯ ಹಿನ್ನೆಲೆಗೂ ಅಷ್ಟೇ ಅಗಲದ ಗೇಟ್ ಹಾಕಿ ಕಳೆಯುವುದನ್ನು ಮರೆಯಬೇಡಿ. ಶಿಖರದ ಕೆಳಗೆ ಬೇರೆ ಗಾಮಾಗಳ ಕಾಂಪ್ಟನ್ ಚದುರಿಕೆ (ಶಕ್ತಿಯನ್ನು ಪೂರ್ತಿ ಬಿಡದೆ ಹೋದವುಗಳ ಎಣಿಕೆ) ಇದ್ದೇ ಇರುತ್ತದೆ, ಅದು ಇಲ್ಲದ ಸಂಬಂಧಗಳನ್ನು ತೋರಿಸುತ್ತದೆ.

ಕಾಗದದ ಮೇಲೆ ಮಟ್ಟಗಳನ್ನು ಎಳೆಯತೊಡಗಿದೆ. ಕೆಳಗೆ 0, ಅದರ ಮೇಲೆ 1293.6. ಆಮೇಲೆ 2112.3, 2390.9. ತುದಿಯ ಹತ್ತಿರ ಎರಡು, 2529 ಮತ್ತು 2801. 2529ರಿಂದ ತಳಕ್ಕೆ ಮೂರು ದಾರಿಗಳು ಸಿಕ್ಕವು. 138.3, 1097.3, 1293.6 ಒಂದು ದಾರಿ. 416.9, 818.7, 1293.6 ಇನ್ನೊಂದು. 416.9, 2112.3 ಮೂರನೆಯದು. ಕೂಡಿಸಿದೆ. ಮೂರೂ 2529.2. ಒಂದೇ ಮನೆಯ ಮೂರು ಮೆಟ್ಟಿಲುಗಳು ಒಂದೇ ಮಹಡಿಗೆ ಹೋಗಿ ಮುಟ್ಟಿದಂತೆ. ಆ ಮೊತ್ತಗಳನ್ನು ನಾನೇ ಅಳೆದ ಅಂಕಿಗಳಿಂದ ಕೂಡಿಸಿ ಪಡೆದಾಗ ಕಣ್ಣು ತುಂಬಿ ಬಂತು. ಕಣ್ಣಿಗೆ ಕಾಣದ ನ್ಯೂಕ್ಲಿಯಸ್ಸಿನ ಒಳಗೆ ಒಂದು ರಚನೆ ನಿಜವಾಗಿಯೂ ಇದೆ ಎಂಬುದು ಆ ಕೂಡಿಕೆಯಲ್ಲಿ ನನಗೆ ಮನದಟ್ಟಾಯಿತು. ತಳದಿಂದ ಮೊದಲ ಮಟ್ಟಕ್ಕೆ 1294 ಕೆಇವಿಯಷ್ಟು ದೊಡ್ಡ ಅಂತರ ಇರುವುದೂ ಸುಮ್ಮನೆ ಅಲ್ಲ: ತವರದಲ್ಲಿ 50 ಪ್ರೋಟಾನುಗಳು, ಅದು ಮುಚ್ಚಿದ ಕವಚದ ಸಂಖ್ಯೆ, ಸುಲಭಕ್ಕೆ ಅಲುಗುವುದಿಲ್ಲ.

ಡಿಟೆಕ್ಟರುಗಳ ನಡುವಿನ ಕೋನವನ್ನು ಬದಲಿಸಿ 1097 ಮತ್ತು 1294ರ ಕೋನ ಸಂಬಂಧವನ್ನೂ ನೋಡಬೇಕೆಂಬ ಆಸೆ ಇತ್ತು. ಸ್ಪಿನ್ 4ರಿಂದ 2, 2ರಿಂದ 0 ಎಂಬ ಸರಣಿಯಾದರೆ 180 ಡಿಗ್ರಿಯಲ್ಲಿ 90 ಡಿಗ್ರಿಗಿಂತ ಸುಮಾರು ಶೇಕಡಾ 17 ಹೆಚ್ಚು ಜೋಡಿಗಳು ಸಿಗಬೇಕು. ನಮಗೆ ದಿಕ್ಕು ಸರಿಯಾಗಿಯೇ ಬಂತು, ಆದರೆ ಅನಿಶ್ಚಿತತೆ ದೊಡ್ಡದಾಗಿ ಉಳಿದಿದ್ದರಿಂದ ಪ್ರಬಂಧದಲ್ಲಿ ಸೇರಿಸಲಿಲ್ಲ. ಇದನ್ನು ಅಭ್ಯಾಸಕ್ಕಾಗಿ ಮಾಡುವವರು ಕೋಬಾಲ್ಟ್-60ರಿಂದ ಆರಂಭಿಸಿ. ಅದು ಕ್ಷಯಿಸಿ ಆಗುವ ನಿಕ್ಕಲ್-60ರಲ್ಲೂ ಅದೇ 4, 2, 0 ಸರಣಿ ಇದೆ, ಕೋಬಾಲ್ಟಿಗೆ 5.27 ವರ್ಷಗಳ ಅರ್ಧಾಯು ಇರುವುದರಿಂದ ಧಾವಂತವಿಲ್ಲ.

ಕೊನೆಯದಾಗಿ ತಗಡುಗಳನ್ನು ಹಿಂದಿರುಗಿಸುವುದು. ಅಳತೆ ಮುಗಿಯಿತೆಂದು ಕಡತ ಮುಚ್ಚುವುದಿಲ್ಲ. ಪ್ರತಿ ತಗಡಿನ ಅಂತಿಮ ರೋಹಿತವನ್ನು ಲಗತ್ತಿಸಬೇಕು. ನಮ್ಮ ತಗಡುಗಳಲ್ಲಿ 190 ಕೆಇವಿ ಗೆರೆ ಹಿನ್ನೆಲೆಯಿಂದ ಬೇರೆಯಾಗಿ ಕಾಣಲಿಲ್ಲ, ಆಕರ ದುರ್ಬಲವಾಗಿದ್ದದ್ದು ಇಲ್ಲಿ ಅನುಕೂಲವಾಯಿತು. ರಿಯಾಕ್ಟರಿನಲ್ಲಿ ಒಡ್ಡಿದ ತಗಡಾದರೆ ಆ ಗೆರೆ ಬಹಳ ಕಾಲ ಉಳಿಯುತ್ತದೆ, 49.5 ದಿನದ ಹತ್ತು ಅರ್ಧಾಯು ಎಂದರೆ ಸುಮಾರು ಹದಿನಾರು ತಿಂಗಳು. ಅಷ್ಟು ಕಾಲ ಇಡಲು ಸೀಸದ ಡಬ್ಬಿ, ಕಪಾಟಿನಲ್ಲಿ ಜಾಗ, ನೀವು ಪ್ರಯೋಗಾಲಯ ಬಿಟ್ಟ ಮೇಲೆ ಅದಕ್ಕೆ ಜವಾಬ್ದಾರರು ಯಾರು ಎಂಬ ಹೆಸರು, ಈ ಮೂರನ್ನೂ ಮೊದಲ ಅರ್ಜಿಯಲ್ಲಿಯೇ ಬರೆಸಿಕೊಳ್ಳಿ.